ಮೀಸಲಿಟ್ಟ ಗುಡ್ಡ

ಭಾನುವಾರ, 8 ಸೆಪ್ಟೆಂಬರ್ 2024

“ಅಕ್ಕ, ಒಂದು ಡೈರಿ ಮಡಗು. ಎಲ್ಲಿಗೋದೆ, ಎಂಗೋದೆ, ಸಕ್ಕರೆ ಎಷ್ಟದೆ, ಎಲ್ಲಾನೂ ಬರ್ಕೊ” ಎಂದು ನನ್ನ ಗೆಳತಿ ಉಮ ಮೂರು ವರ್ಷ ಬಡಿದುಕೊಂಡಳು. ಒಂದು ಸಾಲೂ ಬರೆಯಲಿಲ್ಲ. ಎಲ್ಲವನ್ನೂ ಅವಳೇ ನೆನಪಿಟ್ಟುಕೊಳ್ಳುತ್ತಿದ್ದಾಗ ನಾನೇಕೆ ಪೆನ್ನು ಹಿಡಿಯಲಿ? ಈಗ ಅವಳಿಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿಯ ಖಾಲಿ ಹಾಳೆಗಳನ್ನೆಲ್ಲ ಮಗುಚಿ ಸೆಪ್ಟೆಂಬರಿಗೆ ಬಂದು ಕೂತಿದ್ದೇನೆ.

ಅವಳು ಸತ್ತುಹೋದ ಹಾಗೆ ಬರೆದುಬಿಟ್ಟೆ. ಇಲ್ಲ, ನಾಗಮಂಗಲಕ್ಕೆ ವರ್ಗವಾಗಿದೆ, ಅಷ್ಟೇ. ನರ್ಸಮ್ಮನ ಕೆಲಸ, ಎಲ್ಲಿಗೆ ಅಂದರೆ ಅಲ್ಲಿಗೆ ಹೋಗಬೇಕು. ಹೋದ ಭಾನುವಾರ ಸಾಮಾನು ತುಂಬಿದ ಗೂಡ್ಸ್ ಆಟೋದ ಮೇಲೆ ತನ್ನ ಸೈಕಲ್ಲನ್ನು ಮಂಚಕ್ಕೆ ಕಟ್ಟಿಕೊಂಡು ಹೋದಳು. ನಾನು ಮಿಲ್ಲಿನ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದೆ.

ಸಕ್ಕರೆ: 148, ಊಟಕ್ಕೆ ಮುಂಚೆ.

ಇದಕ್ಕೆಲ್ಲ ಈ ಸಕ್ಕರೆಯೇ ಮೂಲ. ಉಮ ರಕ್ತ ಪರೀಕ್ಷೆ ಮಾಡಿ, ದಿನಾ ನಡೆಯಬೇಕು ಅಂದಳು. ಪಾಂಡವಪುರದಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಹೆಂಗಸು ರಸ್ತೆಯಲ್ಲಿ ನಡೆಯುವುದುಂಟೇ? ಹತ್ತು ಹೆಜ್ಜೆಗೊಬ್ಬರು “ಯಶೋಧವ್ವ, ನಮ್ ರಾಗಿ ಆಯ್ತಾ?” ಎಂದು ನಿಲ್ಲಿಸುತ್ತಾರೆ. “ಅಂಗಾರೆ ನಿಲ್ಲುಸಕ್ಕಾಗ್ದಂಗೆ ಓಗಣ ಬುಡು” ಎಂದು ಮೈಸೂರಿನಿಂದ ಒಂದು ಹಳೆಯ ಗೇರ್ ಸೈಕಲ್ಲು ಕೊಡಿಸಿದಳು. ದಪ್ಪ ಟೈರಿನದು, ಕಲ್ಲು ಮುಳ್ಳು ಎನ್ನದೆ ಗುಡ್ಡ ಹತ್ತುವಂಥದ್ದು. ಅವಳ ಹತ್ತಿರ ಆಗಲೇ ಒಂದಿತ್ತು. ಎರಡರ ಹ್ಯಾಂಡಲಿಗೂ ನಾನು ಒಂದೇ ಹಸಿರು ಟೇಪು ಸುತ್ತಿದೆ. ನಲವತ್ತಾರು ವರ್ಷದ ಸೊಸೆ ಚೂಡಿದಾರದ ಮೇಲೆ ಹೆಲ್ಮೆಟ್ಟು ಹಾಕಿ ಹೊರಟಿದ್ದು ನೋಡಿ ನಮ್ಮತ್ತೆ ಪುಟ್ಟಲಕ್ಷ್ಮಮ್ಮ, “ಕೋಲೆ ಬಸ್ವ ಇದ್ದಂಗಿದ್ದೀಯ ಕಣೆ” ಅಂದರು.

ನಾವಿಬ್ಬರೂ ಒಂದು ಮಾತು ಮಾಡಿಕೊಂಡಿದ್ದೆವು. ಸುತ್ತಲಿನ ನಾಲ್ಕು ತಾಲ್ಲೂಕಿಗೆ ಒಂದೊಂದು ಬೆಟ್ಟ. ಶ್ರೀರಂಗಪಟ್ಟಣದ ಕರಿಘಟ್ಟ ಆಯಿತು, ನಮ್ಮ ಕುಂತಿಬೆಟ್ಟ ಆಯಿತು, ಕೆ.ಆರ್. ಪೇಟೆಯ ಕಡೆ ನಾರಾಯಣದುರ್ಗ ಅರ್ಧ ಸೈಕಲ್ಲು ತುಳಿದು, ಅರ್ಧ ಅದನ್ನು ಹೊತ್ತುಕೊಂಡು ಆಯಿತು. ನಾಗಮಂಗಲದ ಕಾಡುಬಸಪ್ಪನ ಗುಡ್ಡ ಒಂದು ಉಳಿದಿದೆ. ದೀಪಾವಳಿ ಕಳೆದ ಮೇಲೆ ಹೋಗೋಣ ಅಂದುಕೊಂಡಿದ್ದೆವು. ಈಗ ಅವಳು ಅದರ ಬುಡದಲ್ಲೇ ಇದ್ದಾಳೆ, ನಾನು ಇಲ್ಲಿ.

ಭಾನುವಾರ, 22 ಸೆಪ್ಟೆಂಬರ್

ಮೊದಲ ಸಲ ಒಬ್ಬಳೇ ಹೋದೆ. ಕುಂತಿಬೆಟ್ಟದ ಹಿಂಬದಿಯ ಕಾಲುದಾರಿ.

ಸುಖವಾಗಿಯೇ ಇತ್ತು. ಇದನ್ನು ಬರೆದಿಡಬೇಕು. ಉಮಳ ಜೊತೆ ಹೋಗುವುದೆಂದರೆ ಒಂದು ದೊಡ್ಡ ಅನ್ಯಾಯವಿತ್ತು. ಅವಳು ಪಿತ್ತ ನೆತ್ತಿಗೇರಿದವಳ ಹಾಗೆ ಮುಂದೆ ಹೋಗಿಬಿಡುತ್ತಿದ್ದಳು. ಏರಿನ ತುದಿಯಲ್ಲಿ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದಳು. ನಾನು ನಾಲಿಗೆ ಹೊರಗೆ ಹಾಕಿಕೊಂಡು ತಲುಪಿದ ಕೂಡಲೇ “ನಡೀಯಕ್ಕ” ಎಂದು ಹೊರಟೇಬಿಡುತ್ತಿದ್ದಳು. ಅಂದರೆ ಅವಳಿಗೆ ವಿಶ್ರಾಂತಿ, ನನಗೆ ಬರೀ ಓಟ. ಹೇಳಿದರೆ ಹಲ್ಲು ಕಿರಿಯುತ್ತಿದ್ದಳು. ಇವತ್ತು ಬೇಕಾದಲ್ಲಿ ನಿಂತೆ, ಬೇಕಾದಷ್ಟು ಹೊತ್ತು ಕೂತೆ. ಬಂಡೆಯ ಮೇಲೆ ಕಾಲು ಚಾಚಿ ಕಡಲೆಕಾಯಿ ಪೂರ್ತಿ ತಿಂದೆ. ಪಾಲು ಕೇಳುವವರಿಲ್ಲ.

ಇಳಿಯುವಾಗ ಮರಳಿಗೆ ಸಿಕ್ಕಿ ಬಿದ್ದೆ. ಪೆಟ್ಟೇನಿಲ್ಲ, ಮಂಡಿ ತರಚಿದೆ. ಉಮ ಮುಂದಿದ್ದಿದ್ದರೆ “ಮರಳು!” ಎಂದು ಕೂಗುತ್ತಿದ್ದಳು. ಅದು ಅವಳ ಕ್ರಮ. ಕಲ್ಲು ಬಂದರೆ “ಕಲ್ಲು!”, ನಾಯಿ ಬಂದರೆ “ನಾಯಿ!”. ಒಮ್ಮೆ ನಮ್ಮ ಶಾಲೆಯ ಹೆಡ್‌ಮಾಸ್ಟರು ಎದುರಿಗೆ ಬಂದಾಗ ಅದೇ ರಾಗದಲ್ಲಿ “ಮೇಷ್ಟ್ರು!” ಎಂದು ಕೂಗಿ ಮಾನ ಕಳೆದಿದ್ದಳು.

ಇನ್ನೊಂದು. ಮೊದಲೆಲ್ಲ ದಾರಿಯಲ್ಲಿ ಸಿಕ್ಕವರು “ಎತ್ತಗವ್ವ?” ಅನ್ನುತ್ತಿದ್ದರು. ಇವತ್ತು ಸಿಕ್ಕವರೆಲ್ಲರೂ “ಎತ್ತಗವ್ವ, ಒಬ್ಳೇನಾ?” ಅಂದರು. ಕಣ್ಣು ಕಾಣುವುದಿಲ್ಲವೇ ಇವರಿಗೆ? ಒಬ್ಬನಿಗೆ “ಇಲ್ಲ, ಹಿಂದುಗಡೆ ದಿಬ್ಬಣ ಬತ್ತಾ ಅದೆ” ಅಂದೆ.

ಭಾನುವಾರ, 6 ಅಕ್ಟೋಬರ್

ನನ್ನ ಗಂಡ ಶಂಕರ್ ಮಾತು ಕೇಳಿ ಕೆಟ್ಟೆ. “ಒಬ್ಳೇ ಕಾಡು ಮೇಡು ಅಲಿಬ್ಯಾಡ, ಪಟ್ಟಣದ ಲೋಕೇಶ್ ಒಂದು ಟೀಮು ಕಟ್ಟವ್ನೆ, ಅವರ್ ಜೊತೆ ಓಗು” ಅಂದರು. ಪಾಲಹಳ್ಳಿಯಿಂದ ನಾಲೆ ಏರಿ ಹಿಡಿದು ಕೆ.ಆರ್.ಎಸ್. ತನಕ ಸವಾರಿ. ಎಲ್ಲರೂ ಗಂಡಸರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ. ನಾನು ಬೇಲಿ ಹಾರಿ ಬಂದ ಮೇಕೆಯ ಹಾಗೆ ಮಧ್ಯದಲ್ಲಿ.

ಒಳ್ಳೆಯ ಹುಡುಗರೇ. ಲೋಕೇಶ್ ಅಂತೂ “ಆಂಟಿ, ನೀರು ಕುಡೀರಿ, ಆಂಟಿ, ಗೇರ್ ಇಳ್ಸಿ” ಎಂದು ಮದುಮಗಳನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಒಬ್ಬನ ಟೈರು ಪಂಕ್ಚರಾದಾಗ, ಟ್ಯೂಬು ಬಿಚ್ಚಿ ಉಪ್ಪುಕಾಗದದಲ್ಲಿ ತಿಕ್ಕಿ ಪ್ಯಾಚು ಹಾಕುವುದನ್ನು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ. ನಾನು ಹಿಂದುಳಿದಾಗಲೆಲ್ಲ ಎಲ್ಲರೂ ನಿಂತು ಕಾದರು. ಆದರೆ ಕಾಯುವಾಗ ಕೈಗಡಿಯಾರ ನೋಡುತ್ತಿದ್ದರು. ಉಮ ಕಾಯುವಾಗ ನನ್ನನ್ನು ನೋಡುತ್ತಿದ್ದಳು.

ಪಾಲಹಳ್ಳಿ ಉಮಳ ತವರು. ನಾಲೆಯ ಸೋಪಾನಕಟ್ಟೆಯ ಹತ್ತಿರ ಒಮ್ಮೆ ಅವಳ ಅಮ್ಮ ಬಟ್ಟೆ ಒಗೆಯುತ್ತಿದ್ದಾಗ ನಮಗಿಬ್ಬರಿಗೂ ಕಬ್ಬು ಸುಲಿದು ಕೊಟ್ಟಿದ್ದರು. ಇವತ್ತು ಅಲ್ಲಿ ನಿಲ್ಲಬೇಕು ಅನಿಸಿತು. ಟೀಮು ನಿಲ್ಲಲಿಲ್ಲ, ನಾನೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಜನರ ಜೊತೆ ಹೋಗಿ ಒಬ್ಬಳೇ ಬಂದ ಹಾಗಾಯಿತು.

ಸಕ್ಕರೆ: 139.

ಭಾನುವಾರ, 20 ಅಕ್ಟೋಬರ್

ಮಳೆ. ಹೋಗಲಿಲ್ಲ. ಉಮಳ ಫೋನಿಲ್ಲ. ನಾನೂ ಮಾಡಲಿಲ್ಲ.

ಭಾನುವಾರ, 10 ನವೆಂಬರ್

ಹತ್ತಿಬಿಟ್ಟಳು.

ಬೆಳಿಗ್ಗೆ ಫೋನಿನಲ್ಲಿ ಅವಳ ಸ್ಟೇಟಸ್ ನೋಡಿದೆ. ನಾಗಮಂಗಲದಲ್ಲೂ ಒಂದು ಟೀಮು ಸೇರಿದ್ದಾಳಂತೆ, ಹಳದಿ ಅಂಗಿಯವರು. ಮೊದಲನೇ ಫೋಟೋ ಗುಡ್ಡದ ಬುಡದಲ್ಲಿ, ಎಲ್ಲರ ನಡುವೆ ಹಲ್ಲು ಬಿಟ್ಟುಕೊಂಡು ಉಮ. ಎರಡನೆಯದು ಗುಡ್ಡದ ನೆತ್ತಿ. ಕಾಡುಬಸಪ್ಪನ ಗುಡಿ, ಗುಡಿಯ ಗಂಟೆ, ಗೋಡೆಗೆ ಒರಗಿಸಿದ ಸೈಕಲ್ಲು. ಹ್ಯಾಂಡಲಿಗೆ ಹಸಿರು ಟೇಪು. ನಾನು ಸುತ್ತಿದ ಟೇಪು ನನಗೆ ಗೊತ್ತಾಗುವುದಿಲ್ಲವೇ? ಎಡಗಡೆ ಗಂಟು ದಪ್ಪ ಬಂದಿತ್ತು, ಅದೂ ಕಾಣುತ್ತಿತ್ತು.

ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಮಿಲ್ಲಿನ ಬೆಲ್ಟು ಕಳಚಿ ಪಟಪಟ ಹೊಡೆಯುತ್ತಿದ್ದರೂ ಕೇಳಿಸಲಿಲ್ಲ. ಶಂಕರ್ ಬಂದು ಕರೆಂಟು ತೆಗೆದು, “ಯಾರಾದ್ರೂ ತೀರೋದ್ರಾ?” ಎಂದು ಕೇಳಿದರು. ಹೂಂ ಅನ್ನಬೇಕು ಅನಿಸಿತು.

ಒಂದು ಮಾತು, “ಅಕ್ಕ, ಇವರೆಲ್ಲ ಓಯ್ತಾವ್ರೆ, ನಾನೂ ಓಗಿ ಬತ್ತೀನಿ” ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೋಗು ಅಂತಲೇ ಅನ್ನುತ್ತಿದ್ದೆ. ಅಂದು ಆಮೇಲೆ ಅಳುತ್ತಿದ್ದೆ, ಅದು ಬೇರೆ ಮಾತು.

ಬುಧವಾರ, 13 ನವೆಂಬರ್

ಉಮ ಫೋನ್ ಮಾಡಿದ್ದಳು. “ಯಾವಾಗ ಬತ್ತೀಯ ಅಕ್ಕ?” ಅಂದಳು. ಗಾಯಕ್ಕೆ ಉಪ್ಪು ಸವರುವುದು ಅಂದರೆ ಇದೇ. ಯಾವುದಕ್ಕೆ ಬರಲಿ, ನೀನು ಉಂಡೆದ್ದ ಎಲೆ ತೆಗೆಯುವುದಕ್ಕಾ? ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. “ಮಿಲ್ಲಲ್ಲಿ ಜನ ಅವ್ರೆ, ಆಮ್ಯಾಕೆ ಮಾಡ್ತೀನಿ” ಎಂದು ಇಟ್ಟೆ.

ಮಿಲ್ಲಲ್ಲಿ ಯಾರೂ ಇರಲಿಲ್ಲ.

ಭಾನುವಾರ, 1 ಡಿಸೆಂಬರ್

ವಿ.ಸಿ. ನಾಲೆ ಏರಿ ಹಿಡಿದು ಬಹಳ ದೂರ ಹೋದೆ. ಎಷ್ಟು ದೂರ ಅಂತ ನೋಡಲಿಲ್ಲ. ಗದ್ದೆ ಕೊಯ್ಲು ಮುಗಿದು ಬರೀ ಕೂಳೆ. ಎಲ್ಲೋ ಆಲೆಮನೆಯ ಬೆಲ್ಲದ ವಾಸನೆ. ಸಕ್ಕರೆ ಕಾಯಿಲೆಯವರಿಗೆ ವಾಸನೆಯಾದರೂ ಸಿಗಲಿ ಅಂತ ಉಮ ಆಲೆಮನೆ ಕಂಡಲ್ಲೆಲ್ಲ ನಿಲ್ಲಿಸುತ್ತಿದ್ದಳು.

ಜಾಲಿ ಮುಳ್ಳು ಚುಚ್ಚಿ ಪಂಕ್ಚರಾಯಿತು. ಸುತ್ತ ನರಪಿಳ್ಳೆ ಇಲ್ಲ. ನಾಲೆಯ ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಬಂದ ಜಾಗ ಹುಡುಕಿ, ತಿಕ್ಕಿ, ಪ್ಯಾಚು ಹಾಕಿದೆ. ಮೊದಲನೆಯದು ಹಿಡಿಯಲಿಲ್ಲ, ಎರಡನೆಯದು ಹಿಡಿಯಿತು. ಗಾಳಿ ತುಂಬಿ ಬೆರಳಲ್ಲಿ ಒತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎದ್ದು ನಿಂತು ಸುತ್ತ ನೋಡಿದೆ. ಯಾರಿಗೆ ತೋರಿಸಲಿ? ಕೊಕ್ಕರೆಯೊಂದಿತ್ತು, ಅದೂ ಹಾರಿಹೋಯಿತು.

ಫೋನ್ ತೆಗೆದು ಉಮಳ ಹೆಸರಿನ ತನಕ ಹೋದೆ. ಮತ್ತೆ ಜೇಬಿಗೆ ಹಾಕಿಕೊಂಡೆ. ಹೆಣ್ಣಿನ ಹಟ ಅಂದರೆ ಹಾಳೂರಿನ ಬಾವಿಯ ಹಾಗೆ, ಇಳಿಯುವುದಕ್ಕೆ ಮೆಟ್ಟಿಲೇ ಇರುವುದಿಲ್ಲ.

ಭಾನುವಾರ, 5 ಜನವರಿ 2025

ಹೊಸ ಡೈರಿ. ಈ ಸಲ ಬಣ್ಣದ ಅಂಗಡಿಯವರು ಕೊಟ್ಟಿದ್ದು.

ನಾರಾಯಣದುರ್ಗಕ್ಕೆ ಒಬ್ಬಳೇ ಹೋಗಿಬಂದೆ. ಹೋದ ಸಲ ಹೊತ್ತುಕೊಂಡು ಹೋದ ಜಾಗದಲ್ಲಿ ಈ ಸಲ ತುಳಿದುಕೊಂಡೇ ಹೋದೆ. ದಾರಿ ಸರಿಮಾಡಿದ್ದಾರೋ ಏನೋ. ಹತ್ತುವಾಗ ಉಮಳ ನೆನಪೇ ಬರಲಿಲ್ಲ. ಹತ್ತುವಾಗ ಯಾರ ನೆನಪೂ ಬರುವುದಿಲ್ಲ, ಉಸಿರು ಎಲ್ಲವನ್ನೂ ತಿಂದುಹಾಕುತ್ತದೆ. ಅವಳಿಲ್ಲ ಅನ್ನುವುದು ಗೊತ್ತಾಗುವುದು ಹತ್ತಿ ಮುಗಿದ ಮೇಲೆ.

ಮೇಲೆ ಕೂತಾಗ ಕೆಳಗೆ ಮಂಜು ಸರಿದು ಒಂದೊಂದೇ ಕೆರೆ ಕಾಣತೊಡಗಿತು. “ನೋಡು ನೋಡು” ಅಂದೆ. ಜೋರಾಗಿಯೇ ಅಂದೆ. ಅಂದ ಮೇಲೆ ಪಕ್ಕಕ್ಕೆ ತಿರುಗಿದೆ.

ಅವರೆಕಾಳು ಉಪ್ಪಿಟ್ಟು ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಹೋಗಿದ್ದೆ. ಬೇಕು ಅಂತ ಅಲ್ಲ, ಕೈಗೆ ಅದೇ ಅಳತೆ ಕೂತುಬಿಟ್ಟಿದೆ. ಹುಲ್ಲು ಕೊಯ್ಯಲು ಬಂದಿದ್ದ ಇಬ್ಬರು ಹೆಂಗಸರಿಗೆ ಕೊಟ್ಟೆ. ಒಬ್ಬಳು ತಿನ್ನುತ್ತಾ ಇನ್ನೊಬ್ಬಳ ಗಂಡನನ್ನು ಬೈಯುತ್ತಿದ್ದಳು, ಆ ಇನ್ನೊಬ್ಬಳು ಹೌದು ಹೌದು ಅನ್ನುತ್ತಿದ್ದಳು. ಅವರನ್ನು ನೋಡುತ್ತಾ ಬಹಳ ಹೊತ್ತು ಕೂತೆ. ನನಗೆ ಉಮ ಬೇಕು. ಅವಳು ಮಾಡಿದ್ದು ತಪ್ಪು, ಅದನ್ನು ನಾನು ಮರೆಯುವುದಿಲ್ಲ. ಆದರೂ ಬೇಕು.

ಇಳಿಯುವಾಗ “ಕಲ್ಲು!” ಎಂದು ನಾನೇ ಕೂಗಿಕೊಂಡು ಇಳಿದೆ. ಈಚೆಗೆ ಹಾಗೇ ಮಾಡುತ್ತೇನೆ. ಬಿದ್ದಿಲ್ಲ.

ಸೋಮವಾರ, 10 ಫೆಬ್ರವರಿ

ಇವತ್ತು ಮಾಡಬಾರದ್ದು ಮಾಡಿದೆ.

ನಾಳೆ ಮಾರಿಹಬ್ಬ. ತಂಬಿಟ್ಟಿನ ಆರತಿಗೆ ಹಿಟ್ಟು ಬೀಸಿಕೊಡುವುದು ನಮ್ಮ ಮಾವನ ಕಾಲದಿಂದ ನಮ್ಮ ಮಿಲ್ಲಿನ ಪಾಲು. ನಿನ್ನೆಯೇ ಮಿಷನ್ನು ಬಿಚ್ಚಿ, ತೊಳೆದು, ಅರಿಸಿನ ಕುಂಕುಮ ಇಟ್ಟು ಬಿಟ್ಟಿದ್ದೆವು. ಇವತ್ತು ಬೆಳಿಗ್ಗೆ ದೇವರ ಅಕ್ಕಿಯೇ ಮೊದಲು ಬೀಳಬೇಕಿತ್ತು. ಅದು ಮೀಸಲು. ಆಮೇಲೆ ಲೋಕದ ರಾಗಿ.

ಬೆಳಿಗ್ಗೆ ಎದ್ದಾಗ ಮುದ್ದೆಗೆ ಹಿಟ್ಟಿರಲಿಲ್ಲ. ಮನಸ್ಸು ಎಲ್ಲೋ, ಕೈ ಎಲ್ಲೋ. ಒಂದು ಬೊಗಸೆ ರಾಗಿ ತಾನೇ ಅಂತ ಹಾಕಿ ಓಡಿಸಿಬಿಟ್ಟೆ. ಅಷ್ಟರಲ್ಲಿ ಆರತಿ ಹೊರುವ ಮನೆಯ ಅಜ್ಜಿ ದೊಡ್ಡತಾಯಮ್ಮ ನೆನೆಸಿದ ಅಕ್ಕಿಯನ್ನು ಒದ್ದೆಬಟ್ಟೆ ಮುಚ್ಚಿ ತಲೆಯ ಮೇಲೆ ಹೊತ್ತು ಬಂದರು. ಮಿಷನ್ನಿನ ಬಾಯಲ್ಲಿ ಅಂಟಿದ್ದ ಕರಿಹಿಟ್ಟು ನೋಡಿ ಪಾತ್ರೆ ಇಳಿಸಲೇ ಇಲ್ಲ.

“ಓಡ್ಸಿದ್ದೀಯ?”

“ಒಂದು ಬೊಗ್ಸೆ ಕಣಜ್ಜಿ, ಈಗ್ಲೇ ತೊಳ್ದುಬುಡ್ತೀನಿ.”

“ಬೊಗ್ಸೆಯಾದ್ರೇನು, ಪಲ್ಲವಾದ್ರೇನು. ಬುಡವ್ವ, ಮನೇಲೇ ಕುಟ್ಕತೀನಿ” ಎಂದು ತಿರುಗಿ ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ವಯಸ್ಸಿನಲ್ಲಿ ಒನಕೆ ಹಿಡಿಯುತ್ತಾರೆ, ನನ್ನಿಂದ.

ಅತ್ತೆಯ ಹತ್ತಿರ “ಒಂದು ಬೊಗಸೆಗೆ ಇಷ್ಟೊಂದಾ?” ಅಂದೆ. ಅತ್ತೆ ಮಿಷನ್ನು ತೊಳೆಯುತ್ತಲೇ, “ಮೀಸ್ಲು ಅಂದ್ರೆ ಅಷ್ಟೇ ಕಣವ್ವ. ಎಷ್ಟು ಅಂತಲ್ಲ. ಬರೋರು ಬರೋಗಂಟ ಮುಟ್ದೆ ಮಡಗೋದು. ಹಸ್ವಾದ್ರೂ ಸೈ, ಆಸೆಯಾದ್ರೂ ಸೈ” ಅಂದರು.

ಮಧ್ಯಾಹ್ನ ದೊಡ್ಡತಾಯಮ್ಮನ ಮನೆಗೆ ಹೋಗಿ ನಾನೂ ಒನಕೆ ಹಿಡಿದೆ. ಸಂಜೆಗೆ ಅಂಗೈ ಬೊಬ್ಬೆ.

ಭಾನುವಾರ, 16 ಫೆಬ್ರವರಿ

ಇದನ್ನು ಪೂರ್ತಿ ಬರೆಯಬೇಕು.

ಅವಳು ನನ್ನ ಬಿಟ್ಟು ಹತ್ತಿದ ಗುಡ್ಡವನ್ನು ನಾನೂ ಅವಳ ಬಿಟ್ಟು ಹತ್ತಿಯೇ ಬರುತ್ತೇನೆ ಅಂತ ಹಟ ಹುಟ್ಟಿತು. ಅಲ್ಲಿಗೆ ಲೆಕ್ಕ ಚುಕ್ತ. ಆಮೇಲೆ ಯಾರ ಹಂಗೂ ಇಲ್ಲ. ಯಾರಿಗೂ ಹೇಳದೆ ಬೆಳಗಿನ ಜಾವ ಹೊರಟೆ. ಜಕ್ಕನಹಳ್ಳಿ ದಾಟಿದ ಮೇಲೆ ಹಸಿರು ತೆಳುವಾಗುತ್ತಾ ಬಂತು. ಗದ್ದೆ ಹೋಗಿ ಹೊಲ, ಕಬ್ಬು ಹೋಗಿ ತೆಂಗು, ಹುರುಳಿ ಕಿತ್ತ ಕೆಂಪು ಮಣ್ಣು. ಗುಡ್ಡದ ಬುಡ ತಲುಪಿದಾಗ ಬಿಸಿಲು ಇನ್ನೂ ಎಳೆಯದು.

ಬುಡದಲ್ಲಿ ಒಂದು ತೆಂಗಿನಗರಿಯ ಹೋಟೆಲು. ಬಾಣಲೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಳು, ಕುಳ್ಳಮ್ಮ ಅಂತ. ಕಾಫಿ ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಸೈಕಲ್ಲಿನ ಹ್ಯಾಂಡಲು ನೋಡಿದಳು.

“ಪಾಂಡಪುರದ ಮಿಲ್ಲಕ್ಕ ಅಲ್ವರಾ ನೀವು?”

“ನಿಂಗೆಂಗೆ ಗೊತ್ತು?”

“ಇದೇ ಹಸ್ರು ಟೇಪು ನಮ್ ಸಿಸ್ಟರ್ ಸೈಕಲ್ಗೂ ಅದಲ್ಲ. ಸದ್ಯ ಬಂದ್ರಲ್ಲ ಬುಡಿ! ಇವತ್ತು ಅವ್ರೂ ಬತ್ತಾವ್ರಾ? ಡ್ಯೂಟಿ ಅಂದಿದ್ರಲ್ಲ?”

“ಇಲ್ಲ, ನಾನೊಬ್ಳೇ ಅತ್ತೋಣ ಅಂತ. ಅವ್ಳು ಆಗ್ಲೇ ಅತ್ತವ್ಳಲ್ಲ, ಟೀಮಿನ ಜೊತೇಲಿ.”

ಕುಳ್ಳಮ್ಮ ಜಾಲರಿ ಸೌಟು ಕೆಳಗಿಟ್ಟಳು.

“ಯಾರು ಯೋಳಿದ್ದು? ಸಿಸ್ಟರ್ ಈ ಬೆಂಚು ಬುಟ್ಟು ಮ್ಯಾಕೆ ಓಗೇ ಇಲ್ಲ. ಟೀಮ್ನೋರು ಎಲ್ಲಾ ಅತ್ತಾರೆ, ಇವ್ರು ಇಲ್ಲೇ ಚಪ್ಲಿ ಕಾಯ್ತಾ ಕೂತಿರ್ತಾರೆ. ಸ್ನೇಹ ಅಂತ ಒಂದು ಹೆಣ್ಮಗ ಅದೆ, ಅದರ ಸೈಕಲ್ಲು ಅತ್ತಕ್ಕಿಲ್ಲ ಅಂತ ತಮ್ದೇ ಕೊಟ್ಟು ಕಳುಸ್ತಾರೆ. ಯಾಕ್ ಸಿಸ್ಟರ್, ನೀವೂ ಓಗಿ ಅಂದ್ರೆ, ‘ಸೈಕಲ್ ಓದ್ರೆ ಓಗ್ಲಿ ಕಣವ್ವ, ನಾನೋಗಾಂಗಿಲ್ಲ. ಇದು ನಮ್ಮಕ್ಕುನ್ಗೆ ಮೀಸ್ಲು. ಅವ್ರು ಬಂದ್ಮೇಲೇನೆ’ ಅಂತಾರೆ.”

ಕಾಫಿ ಲೋಟ ಬೆಂಚಿನ ಮೇಲಿಟ್ಟೆ. ಹೊಗೆ ಕಣ್ಣಿಗೆ ಹೋಯಿತು ಅಂದೆ. ಒಲೆ ನನ್ನ ಬೆನ್ನ ಹಿಂದೆ ಇತ್ತು.

ದೊಡ್ಡತಾಯಮ್ಮನ ಅಕ್ಕಿಯ ವಿಷಯದಲ್ಲಿ ಆದದ್ದೇ ಇಲ್ಲೂ ಆಗುವುದರಲ್ಲಿತ್ತು. ಒಂದು ಲೋಟ ಕಾಫಿಗೆ ನಿಲ್ಲದೆ ಹೊರಟುಬಿಟ್ಟಿದ್ದರೆ ಹತ್ತಿಯೇ ಬಿಡುತ್ತಿದ್ದೆ. ಅವಳು ಮುಟ್ಟದೆ ಇಟ್ಟದ್ದನ್ನು ನಾನೇ ಎಂಜಲು ಮಾಡುತ್ತಿದ್ದೆ. ಗುಡ್ಡ ತಲೆಯ ಮೇಲೇ ನಿಂತಿತ್ತು. ಸೈಕಲ್ಲು ತಿರುಗಿಸಿ ಪಾಂಡವಪುರದ ಕಡೆ ಹೊರಟೆ. “ನಾನು ಬಂದಿದ್ದು ಅವ್ಳಿಗೆ ಯೋಳ್ಬ್ಯಾಡ ಕಣವ್ವ” ಎಂದು ಕುಳ್ಳಮ್ಮನಿಂದ ಆಣೆ ಹಾಕಿಸಿಕೊಂಡೆ.

ದಾರಿಯುದ್ದಕ್ಕೂ ಅಳುತ್ತಾ ಬಂದೆ. ಸೈಕಲ್ಲಿನ ಮೇಲೆ ಅಳುವುದರಲ್ಲಿ ಒಂದು ಅನುಕೂಲ, ಗಾಳಿಯೇ ಒರೆಸುತ್ತದೆ.

ಸೋಮವಾರ, 17 ಫೆಬ್ರವರಿ

ಫೋನ್ ಮಾಡಿದೆ.

“ಉಮ, ಯಾವ್ ಭಾನುವಾರ ಡ್ಯೂಟಿ ಇಲ್ಲ?”

“ಯಾರು ಮಾತಾಡ್ತಿರೋದು?” ಅಂದಳು ಕೊಬ್ಬಿನವಳು. “ಓ, ಮಿಲ್ಲೋರಾ? ಜನ ಅವ್ರೆ, ಆಮ್ಯಾಕೆ ಮಾಡ್ತೀನಿ ಅಂದು ಮೂರು ತಿಂಗ್ಳಾಯ್ತು. ಇನ್ನೂ ಹಿಟ್ಟು ಮುಗೀನಿಲ್ವಾ?”

“ಮುಗೀತು ಬುಡು.”

“ಗುಡ್ಡಕ್ಕಾ?”

“ಇನ್ನೇನು ನಿನ್ ಮುಸುಡಿ ನೋಡಕ್ಕಾ?”

ಆ ಕಡೆ ಮೂಗೆಳೆದ ಹಾಗೆ ಕೇಳಿಸಿತು. ಆಮೇಲೆ ನರ್ಸಮ್ಮನ ದನಿಯಲ್ಲಿ, “ಮಾರ್ಚಿ ಒಂಬತ್ತು. ಬಿಸ್ಲು ಏರೋಕ್ ಮುಂಚೆ ಬುಡದಲ್ಲಿರ್ಬೇಕು. ಸಕ್ಕರೆ ಎಷ್ಟದೆ?” ಅಂದಳು.

ಸಕ್ಕರೆ ನೋಡಿಸಿ ಎಷ್ಟೋ ದಿನವಾಗಿದೆ. ಬೈಸಿಕೊಂಡೆ. ಎಷ್ಟು ಚೆನ್ನಾಗಿ ಬೈಯುತ್ತಾಳೆ!

ಭಾನುವಾರ, 9 ಮಾರ್ಚ್

ಅವಳು ಕುಳ್ಳಮ್ಮನ ಹೋಟೆಲಿನ ಮುಂದೆ ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಸ್ವಲ್ಪ ದಪ್ಪಗಾಗಿದ್ದಾಳೆ. ತಬ್ಬಿಕೊಳ್ಳುತ್ತಾಳೇನೋ ಅಂದುಕೊಂಡೆ. ಬೆರಳು ಹಿಡಿದು ಸೂಜಿ ಚುಚ್ಚಿದಳು. ಚೀಲದಲ್ಲಿ ಸಕ್ಕರೆ ನೋಡುವ ಮಿಷನ್ನು ತಂದಿದ್ದಳು.

ಸಕ್ಕರೆ: 104. ಮಿಷನ್ನು ಕೆಟ್ಟಿರಬೇಕು ಅಂದೆ.

“ಬಸ್ಸಿಗಾಕ್ಕೊಂಡು ಬಂದ್ಯಾ?”

“ತುಳ್ಕೊಂಡೇ ಬಂದೆ.”

“ಅಲ್ಲಿಂದ್ಲಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ಗುಟುಕು ನೀರು ಕುಡಿಯೋಣ ಅಂತ ಬಾಟಲಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ “ನಡೀಯಕ್ಕ” ಎಂದು ಹೊರಟೇಬಿಟ್ಟಳು. ಅನ್ಯಾಯ ಮಾಡುವುದನ್ನು ಮರೆತಿಲ್ಲ. ಬಾಟಲಿ ಅಲ್ಲೇ ಸಿಕ್ಕಿಸಿ ಹಿಂದೆ ಓಡಿದೆ.

“ಕಲ್ಲು!” ಅಂದಳು. “ಬೇರು!” ಅಂದಳು. “ಆಡು!” ಅಂದಳು. ಕಿವಿ ತಂಪಾಯಿತು. ಅರ್ಧ ದಾರಿಯ ಮೇಲೆ ಕೂಗು ನಿಂತಿತು. ಯಾಕೆ ಅಂತ ನೋಡಿದರೆ ನಾನು ಮುಂದಿದ್ದೆ. ಉಮ ಇವತ್ತು ಯಾಕೋ ನಿಧಾನ. ನಾಗಮಂಗಲದ ನೀರು ಒಗ್ಗಿಲ್ಲವೇನೋ. ಸರಿ, ಕೂಗುವ ಕೆಲಸ ನಾನೇ ವಹಿಸಿಕೊಂಡೆ.

ಕೊನೆಯ ತಿರುವಿನಲ್ಲಿ ಒಂದು ಬಸರಿ ಮರವಿದೆ. ಅಲ್ಲಿಂದ ಗುಡಿಯ ಗಂಟೆ ಕಾಣುತ್ತದೆ. ಇನ್ನೊಂದು ಏರು, ಮುಗಿಯಿತು. ನೆರಳಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತು ಅವಳಿಗೆ ಕಾದೆ. ಕಾಯುವವರಿಗೆ ವಿಶ್ರಾಂತಿ ಅಂತ ಇಷ್ಟು ವರ್ಷ ಅವಳನ್ನು ಬೈದಿದ್ದೆ. ವಿಶ್ರಾಂತಿಯೂ ಇಲ್ಲ, ಮಣ್ಣೂ ಇಲ್ಲ. ಕಿವಿಯೆಲ್ಲ ಕೆಳಗಿನ ದಾರಿಯಲ್ಲೇ ಇರುತ್ತದೆ. ಬಿದ್ದಳಾ, ಚೈನು ಕಳಚಿತಾ, ಸದ್ದು ಯಾಕೆ ಬರಲಿಲ್ಲ ಅಂತ ಉಸಿರು ಹಿಡಿದೇ ನಿಂತಿರಬೇಕು. ಪಾಪ, ಎಷ್ಟು ಏರುಗಳ ಮೇಲೆ ಹೀಗೆ ನಿಂತಿದ್ದಳೋ.

ಬಂದಳು. ಮುಖ ಕೆಂಪಗಾಗಿತ್ತು. “ನಡಿ” ಅನ್ನುವುದು ನನ್ನ ಬಾಯಿಗೆ ಬಂತು, ಅನ್ನಲಿಲ್ಲ. ನೀರು ಕೊಟ್ಟೆ.

“ಕುಳ್ಳಮ್ಮ ಅವತ್ತೇ ಫೋನ್ ಮಾಡಿದ್ಲು ಕಣಕ್ಕ” ಅಂದಳು ಕುಡಿದು. “ನೀನು ಬುಡದಗಂಟ ಬಂದು ವಾಪಸ್ಸೋದೆ ಅಂತ.”

“ಆಣೆ ಹಾಕ್ಸಿದ್ದೆ ಅವ್ಳಿಗೆ!”

“ಬಜ್ಜಿ ಮಾರೋಳು ಆಣೆಗೆ ಎದ್ರುತಾಳಾ? ಅವತ್ತು ರಾತ್ರಿಯೆಲ್ಲ ಫೋನು ದಿಂಬಿನ್ ಕೆಳ್ಗೇ ಮಡಿಕಂಡಿದ್ದೆ. ಸದ್ಯ, ಮಾರ್ನೇ ದಿಸ ಮಾಡ್ದೆ.” ಬಾಟಲಿಯ ಮುಚ್ಚಳ ತಿರುಗಿಸುತ್ತಾ, “ನಾನು ಅತ್ಬುಟ್ಟಿದ್ದೆ ಅಂದ್ಕಂಡ್ಯಾ ನೀನು?” ಅಂದಳು.

“ಊ” ಅಂದೆ.

ಬಸರಿ ಮರದ ಕೆಳಗೆ ಇಬ್ಬರೂ ಗಂಟೆ ನೋಡುತ್ತಾ ನಿಂತೆವು. ಗಾಳಿಗೆ ಅದು ಅಲ್ಲಾಡುತ್ತಿತ್ತು. ನಾಲ್ಕು ಸಲ ಜೋರಾಗಿ ತುಳಿದರೆ ಅಲ್ಲಿರುತ್ತೇವೆ, ಗಂಟೆ ಬಾರಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಆಮೇಲೆ? ಅವಳು ನಾಗಮಂಗಲಕ್ಕೆ, ನಾನು ಮಿಲ್ಲಿಗೆ. ಅವಳಿಗೆ ಟೀಮಿದೆ. ನನಗೆ ನಾಲೆ ಏರಿಯಿದೆ. ನಾಲ್ಕೂ ತಾಲ್ಲೂಕು ಮುಗಿದ ಮೇಲೆ “ಯಾವಾಗ ಬತ್ತೀಯ ಅಕ್ಕ” ಅಂತ ಅವಳು ಯಾವುದಕ್ಕೆ ಕರೆಯಬೇಕು?

“ಇಳಿಯಣ ನಡಿ ಉಮ” ಅಂದೆ.

“ತಲೆ ಕೆಟ್ಟದಾ ನಿಂಗೆ? ಅಗೋ, ಗಂಟೆ ಕಾಣ್ತದೆ!”

“ಕಾಣ್ಲಿ. ಅಲ್ಲೇ ಇರ್ಲಿ.”

“ತಿಂಗ್ಳುಗಟ್ಲೆ ಕುಳ್ಳಮ್ಮನ ಬಜ್ಜಿ ತಿನ್ಕಂಡು ಕೂತಿವ್ನಿ ಕಣಕ್ಕ ನಾನು! ಬಟ್ಟೆ ಯಾವೂ ಆಯ್ತಾ ಇಲ್ಲ ನಂಗೆ!”

“ಇವತ್ತು ಅತ್ಬುಟ್ರೆ ಇನ್ನೇನದೆ? ನೀನು ಇಲ್ಲಿ, ನಾನು ಅಲ್ಲಿ. ಇದೊಂಚೂರು ಮಡಗ್ಬುಡಣ. ನೀನೂ ಮುಟ್ಬ್ಯಾಡ, ನಾನೂ ಮುಟ್ಟಕ್ಕಿಲ್ಲ.”

ಇನ್ನೂ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ವೇಲಿನಲ್ಲಿ ಮುಖ ಒರೆಸಿಕೊಂಡಳು, ಬೆವರಿಗಿಂತ ಹೆಚ್ಚು ಹೊತ್ತು ಒರೆಸಿಕೊಂಡಳು. ಆಮೇಲೆ ಸೈಕಲ್ಲು ತಿರುಗಿಸಿದಳು.

“ಇಳಿಯೋದ್ರಲ್ಲಿ ನಾನೇ ಮುಂದೆ” ಅಂದಳು. ಬಿಟ್ಟುಕೊಟ್ಟೆ. ಬುಡದ ತನಕ ಅವಳು ಕೂಗುತ್ತಾ ಹೋದಳು, ಕಲ್ಲು, ಮರಳು, ಬೇರು, ಆಡು. ನನಗೆ ಎಲ್ಲವೂ ಕಾಣುತ್ತಿತ್ತು. ಆದರೂ ಕೂಗಲಿ ಅಂತ ಹಿಂದೆಯೇ ಬಂದೆ.

ವಾಪಸ್ಸು ಬರುವಾಗ ಜಕ್ಕನಹಳ್ಳಿಯ ಹತ್ತಿರ ತೆಂಗಿನಕಾಯಿ ಸುಲಿಯುತ್ತಿದ್ದ ಮುದುಕ “ಎತ್ತಗವ್ವ, ಒಬ್ಳೇನಾ?” ಅಂದ. “ಊ ಕಣಪ್ಪ, ಒಬ್ಳೇ” ಅಂದೆ.

ಅತ್ತೆ ಬಾಗಿಲಲ್ಲೇ ಕೂತಿದ್ದರು. “ಕೊನೇಗೂ ಅತ್ತುದ್ರಾ?”

“ಇನ್ನೊಂಚೂರು ಅದೆ ಅತ್ತೆ.”

“ಅಷ್ಟು ದೂರ ಓಗಿ ಒಂಚೂರು ಬುಟ್ಟು ಬಂದ್ರಾ? ಅದ್ಯಾವಾಗ ಇನ್ನು?”

“ಬರೋ ತಿಂಗ್ಳು.”

ಬರುವ ತಿಂಗಳೂ ಒಂಚೂರು ಉಳಿಯುತ್ತದೆ. ಅದನ್ನು ಅತ್ತೆಗೆ ಹೇಳಲಿಲ್ಲ.